ರಿಸಾರ್ಟ್ ಗಡಿಯೊಳಗೂ ಹಿಮ ಕುಸಿಯುತ್ತದೆ

ಸ್ಕೀ ರಿಸಾರ್ಟ್‌ನ ಗಡಿಯ ಹಗ್ಗ ದಾಟದೆ ಸ್ಕೀ ಮಾಡಿದರೆ ಹಿಮಕುಸಿತದ ಭಯ ಇಲ್ಲ ಅಲ್ವಾ, ಸಿಕ್ಕಿಬಿದ್ದರೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಭಯ ತುಂಬಾ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನಲಾರೆ. 2024ರ ಜನವರಿ 10ರಂದು ಕ್ಯಾಲಿಫೋರ್ನಿಯಾದ ಪ್ಯಾಲಿಸೇಡ್ಸ್ ತಾಹೋ ಸ್ಕೀ ರಿಸಾರ್ಟ್‌ನಲ್ಲಿ, ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಕೆಟಿ-22 ಲಿಫ್ಟ್ ಆ ಸೀಸನ್‌ನಲ್ಲಿ ಮೊದಲ ಸಲ ತೆರೆದ ಬೆಳಗ್ಗೆಯೇ ಹಿಮ ಜಾರಿ ಒಬ್ಬರು ತೀರಿಕೊಂಡರು. ಸ್ಕೀ ಪ್ಯಾಟ್ರೋಲ್‌ನವರು (ರಿಸಾರ್ಟ್‌ನ ಸುರಕ್ಷತಾ ಸಿಬ್ಬಂದಿ) ಸ್ಫೋಟಕ ಸಿಡಿಸಿ ಸಡಿಲ ಹಿಮವನ್ನು ಮೊದಲೇ ಬೀಳಿಸುತ್ತಾರೆ. ಆದರೂ ಕಡಿದಾದ ಜಾಗದಲ್ಲಿ ಒಂದಷ್ಟು ಉಳಿದಿರಬಹುದು.

ಕಾಲಡಿ ಹಿಮ ಬಿರುಕು ಬಿಟ್ಟರೆ ಓರೆಯಾಗಿ ಪಕ್ಕಕ್ಕೆ ಜಾರಿ ಹೊರಬನ್ನಿ. ಆಗದಿದ್ದರೆ ಜೋರಾಗಿ ಕೂಗಿ, ಕೈಯಲ್ಲಿರುವ ಸ್ಕೀ ಕೋಲು ಬಿಟ್ಟುಬಿಡಿ, ಮೇಲೆ ಉಳಿಯಲು ಕೈಕಾಲು ಬಡಿಯಿರಿ. ವೇಗ ಇಳಿಯುತ್ತಿದೆ ಅನ್ನಿಸಿದ ಕೂಡಲೇ ಒಂದು ಕೈಯನ್ನು ಬಾಯಿ-ಮೂಗಿಗೆ ಅಡ್ಡ ಹಿಡಿಯಿರಿ, ಉಸಿರಾಡಲು ಸ್ವಲ್ಪ ಜಾಗ ಉಳಿಯಬೇಕು. ಹಿಮ ನಿಂತ ಮೇಲೆ ಮಾಡೋಣ ಅಂದರೆ ಆಗುವುದಿಲ್ಲ. ಅದು ಸಿಮೆಂಟಿನಂತೆ ಬಿಗಿದು ಬೆರಳೂ ಆಡದು.

ಮೊದಲ 10 ನಿಮಿಷದಲ್ಲಿ ಹೊರತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಆಸೆ ತೀರಾ ಕಡಿಮೆ. ಹಾಗಾಗಿ ದಯವಿಟ್ಟು ಒಬ್ಬರೇ ಹೋಗಬೇಡಿ. ರೆಕ್ಕೋ ಪಟ್ಟಿಯ (ಹುಡುಕುವ ಯಂತ್ರದ ಸಂಕೇತವನ್ನು ಮರಳಿಸುವ ಪುಟ್ಟ ಪಟ್ಟಿ) ಜಾಕೆಟ್ ಒಳ್ಳೆಯದೇ, ಆದರೆ ಅದನ್ನು ಹುಡುಕುವ ಯಂತ್ರ ಗೆಳೆಯರ ಹತ್ತಿರ ಇರುವುದಿಲ್ಲ, ರಕ್ಷಣಾ ತಂಡದ ಹತ್ತಿರ ಇರುತ್ತದೆ. ಗೆಳೆಯರೇ ಹುಡುಕಬೇಕಾದರೆ ಎಲ್ಲರ ಮೈಮೇಲೂ ಬೀಕನ್ (ಸಂಕೇತ ಕಳಿಸುವ, ಹುಡುಕುವ ಪುಟ್ಟ ಯಂತ್ರ) ಇರಬೇಕು, ಜೊತೆಗೆ ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕಡ್ಡಿ) ಮತ್ತು ಸಲಿಕೆ.

ಈಗಷ್ಟೇ ಕಲಿಯುತ್ತಿದ್ದರೆ ಸುಮ್ನೆ ಹಸಿರು ಗುರುತಿನ, ಅಂದರೆ ಅತಿ ಸುಲಭದ ದಾರಿಗಳಲ್ಲೇ ಇರಿ. ಹಿಮ ಸಾಮಾನ್ಯವಾಗಿ ಕುಸಿಯುವುದು 30 ಡಿಗ್ರಿ ದಾಟಿದ ಇಳಿಜಾರಿನಲ್ಲಿ, ಅಲ್ಲಿನದು ಅದಕ್ಕಿಂತ ತುಂಬಾ ಕಡಿಮೆ.