ಓದುಗರ ಪ್ರಶ್ನೆ: ಎರಡು ಸೆಂಟ್ ತೆರಿಗೆಯಿಂದ ಹೊಲ ಉಳಿಯುತ್ತದೆಯೇ?

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯ ಸಾಮರ್‌ಸೆಟ್ ಕೌಂಟಿಯಲ್ಲಿ. ಹೊಲ, ಬಯಲು ಉಳಿಸುವ ‘ಓಪನ್ ಸ್ಪೇಸ್’ ನಿಧಿಗೆ ಆಸ್ತಿ ಮೌಲ್ಯದ ಪ್ರತಿ ನೂರು ಡಾಲರಿಗೆ 2 ಸೆಂಟ್ ತೆರಿಗೆ ಹಾಕಬಹುದೇ ಎಂದು ಟೌನ್‌ಶಿಪ್‌ನವರು ನವೆಂಬರ್ ಮತಪತ್ರದಲ್ಲಿ ಕೇಳುತ್ತಿದ್ದಾರೆ. ಕೌಂಟಿಗೆ ಆಗಲೇ ಕಟ್ಟುತ್ತಿದ್ದೇವಲ್ಲ? ನಮಗೆಷ್ಟು ಹೊರೆ?

ಉತ್ತರ: ಕೌಂಟಿಯದು ಬೇರೆ ನಿಧಿ. ರಾಜ್ಯದ 21 ಕೌಂಟಿಗಳಲ್ಲೂ ಅದಿದೆ. ತೆರಿಗೆ ಬಿಲ್ಲಿನಲ್ಲಿ ಎರಡೂ ಬೇರೆ ಸಾಲಿನಲ್ಲಿ ಬರುತ್ತವೆ. ಲೆಕ್ಕ ಹಾಕುವಾಗ ಬಹಳ ಜನ ಎಡವುವುದು ಮನೆಯ ಮಾರುಕಟ್ಟೆ ಬೆಲೆ ಹಿಡಿದು. ಹಿಡಿಯಬೇಕಾದದ್ದು ಫೆಬ್ರವರಿ ಹೊತ್ತಿಗೆ ಅಂಚೆಯಲ್ಲಿ ಬರುವ ಕಾರ್ಡಿನ ‘ಅಸೆಸ್ಡ್ ವ್ಯಾಲ್ಯೂ’, ಅಂದರೆ ತೆರಿಗೆಗೆಂದು ಕಟ್ಟಿದ ಬೆಲೆ. ಅದು 5 ಲಕ್ಷ ಡಾಲರ್ ಆಗಿದ್ದರೆ ವರ್ಷಕ್ಕೆ 100 ಡಾಲರ್.

ಮತ ಹಾಕುವ ಮುನ್ನ ಪ್ರಶ್ನೆಯ ಕೆಳಗಿನ ವಿವರಣೆ ಓದಿ. ಜಮೀನು ಕೊಳ್ಳಲು, ಕೃಷಿಭೂಮಿ ಉಳಿಸಲು ಮಾತ್ರವಲ್ಲ, ಆಟದ ಮೈದಾನ ಕಟ್ಟಲು, ನಿರ್ವಹಣೆಗೆ, ಹಳೆಯ ಸಾಲ ತೀರಿಸಲು ಸಹ ಕಾನೂನು ಅವಕಾಶ ಕೊಡುತ್ತದೆ. ಎಲ್ಲ ದುಡ್ಡೂ ಕೃತಕ ಹುಲ್ಲಿನ ಮೈದಾನಕ್ಕೇ ಹೋದರೆ ಹೊಲ ಉಳಿಯುವುದಿಲ್ಲ. ಹಿಂದಿನ ಖರ್ಚಿನ ಪಟ್ಟಿಯನ್ನು ಟೌನ್‌ಶಿಪ್ ಕ್ಲರ್ಕ್ ಬಳಿ ಕೇಳಿ ಪಡೆಯಬಹುದು. ಇನ್ನೊಂದು ಮಾತು: ಸ್ವಂತ ನಿಧಿ ಇರುವ ಊರಿಗೆ ಬಯಲು, ಪಾರ್ಕುಗಳಿಗೆ ರಾಜ್ಯ ಕೊಡುವ ‘ಗ್ರೀನ್ ಏಕರ್ಸ್’ ಹಣ ಸಿಗುವುದು ಸಲೀಸು. 1961ರ ಆ ಕಾರ್ಯಕ್ರಮ, 2014ರಲ್ಲಿ ಕಂಪನಿ ತೆರಿಗೆಯಿಂದ ತೆಗೆದಿರಿಸಿದ ಪಾಲು, ಎರಡಕ್ಕೂ ಒಪ್ಪಿಗೆ ಕೊಟ್ಟದ್ದು ಮತದಾರರೇ.

ನಾಗರಿಕರಾಗಿದ್ದರೂ ಹೆಸರು ನೋಂದಾಯಿಸದಿದ್ದರೆ ಮತವಿಲ್ಲ. ಚುನಾವಣೆಗೆ 21 ದಿನ ಮುಂಚೆ ಗಡುವು ಮುಗಿಯುತ್ತದೆ.

ಪ್ರಶ್ನೆ: ಹೊಲ ಉಳಿಸಲೆಂದು ಇಂಥ ನಿಧಿಯ ದುಡ್ಡು ಪಡೆದ ರೈತನ ಹೊಲ ಸಾರ್ವಜನಿಕವಾಗುತ್ತದೆಯೇ? ಮಕ್ಕಳೊಂದಿಗೆ ಓಡಾಡಬಹುದೇ?

ಉತ್ತರ: ಇಲ್ಲ. ಒಡೆತನ ರೈತನದೇ, ಮಾರಬಹುದು, ಮಕ್ಕಳಿಗೆ ಬಿಡಬಹುದು. ಅವನು ಮಾರಿದ್ದು ಕಟ್ಟಡ ಎಬ್ಬಿಸುವ ಹಕ್ಕನ್ನಷ್ಟೇ. ಆ ನಿರ್ಬಂಧ ಜಮೀನಿಗೇ ಅಂಟಿಕೊಂಡು, ಯಾರ ಕೈಗೆ ಹೋದರೂ ಜೊತೆಗೇ ಹೋಗುತ್ತದೆ.

ಬೆಲೆ ಕಟ್ಟುವವರು ಇಬ್ಬರು ಸ್ವತಂತ್ರ ಮೌಲ್ಯಮಾಪಕರು. ಉದಾಹರಣೆಗೆ 40 ಎಕರೆ. ಎಕರೆಗೆ ಮಾರುಕಟ್ಟೆ ಬೆಲೆ 20,000 ಡಾಲರ್, ಬೇಸಾಯಕ್ಕೆ ಮಾತ್ರ ಎಂದಾದರೆ 8,000 ಎಂದಿಟ್ಟುಕೊಳ್ಳಿ. ವ್ಯತ್ಯಾಸ 12,000, ಸಿಗುವುದು ಅದು. ಮುಂದೆ ಮಗಳಿಗೊಂದು ಮನೆ ಬೇಕಾದೀತು ಎನಿಸಿದರೆ 2 ಎಕರೆಯನ್ನು ‘ಎಕ್ಸೆಪ್ಷನ್’ ಎಂದು ಮೊದಲೇ ಹೊರಗಿಡಬಹುದು. ಆಗ 38 ಎಕರೆಗೆ ಹಣ: 4,56,000 ಡಾಲರ್. ಇದನ್ನು ಅರ್ಜಿಯಲ್ಲೇ ಹೇಳಬೇಕು. ಪತ್ರಕ್ಕೆ ಸಹಿ ಬಿದ್ದ ಮೇಲೆ ಹೊಸದಾಗಿ ಜಾಗ ಬಿಡಿಸಿಕೊಳ್ಳುವ ಆಸೆ ಬೇಡ. ಜಮೀನಿನ ಮೇಲೆ ಬ್ಯಾಂಕ್ ಸಾಲವಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆಯೂ ಬೇಕು. ಕೊನೇ ಗಳಿಗೆಗೆ ಬಿಟ್ಟರೆ ಕಡತ ಅಲ್ಲೇ ಕೂರುತ್ತದೆ.

ಓಡಾಡಲು ಕೌಂಟಿಯ ಪಾರ್ಕುಗಳಿವೆ. ಹೊಲಕ್ಕೆ ಒಡೆಯನನ್ನು ಕೇಳದೆ ಕಾಲಿಡಬೇಡಿ.

ಪ್ರಶ್ನೆ: ದೊಡ್ಡಬಳ್ಳಾಪುರದ ನಮ್ಮ 4 ಎಕರೆಗೂ ಹೀಗೆ ಮಾಡಿಸಬಹುದೇ?

ಉತ್ತರ: ಹಕ್ಕನ್ನಷ್ಟೇ ಕೊಂಡು ಜಮೀನನ್ನು ರೈತರಿಗೇ ಬಿಡುವ ಇಂಥ ಯೋಜನೆ ಕರ್ನಾಟಕದಲ್ಲಿಲ್ಲ. ನಗರಗಳ ಟಿಡಿಆರ್ (ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು) ಬೇರೆ. ಅದು ರಸ್ತೆ ಅಗಲೀಕರಣದಂಥ ಕೆಲಸಕ್ಕೆ ಜಾಗವನ್ನೇ ಬಿಟ್ಟುಕೊಟ್ಟವರಿಗೆ. ಸದ್ಯಕ್ಕೆ, ಜಮೀನು ಮಾಸ್ಟರ್ ಪ್ಲಾನಿನ ಯಾವ ವಲಯದಲ್ಲಿದೆ ಎಂದು ಯೋಜನಾ ಪ್ರಾಧಿಕಾರದಲ್ಲಿ ವಿಚಾರಿಸಿ. ಕರಡು ಪ್ರಕಟವಾದಾಗ ಸರ್ವೆ ನಂಬರ್ ಸಮೇತ ಲಿಖಿತ ಆಕ್ಷೇಪಣೆ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.