ಮರದ ಪಿಕ್‌ನ ಕರಕರ ಸದ್ದಿಗೆ

ಗಿಟಾರ್ ತಂತಿ ಮೀಟುವ ನಿಮ್ಮ ಮರದ ಪಿಕ್ (ಬೆರಳಲ್ಲಿ ಹಿಡಿಯುವ ಚಿಕ್ಕ ಬಿಲ್ಲೆ) ಕರಕರ ಅನ್ನುತ್ತದೆ, ಏನು ಮಾಡಲಿ ಅಂತ ಕೇಳಿದ್ದಿರಿ. ಇದು ಬಹುಶಃ ಮರದ ತಪ್ಪಲ್ಲ, ಅಂಚಿನದು. ನೀವೇ ಕತ್ತರಿಸಿದ ಪಿಕ್ 2 ಮಿಲಿಮೀಟರ್ ದಪ್ಪ ಅಂದಿದ್ದೀರಿ. ಅಷ್ಟು ದಪ್ಪದ್ದು ಬಾಗುವುದಿಲ್ಲ. ಅಂಚು ಚೌಕವಾಗಿದ್ದರೆ ತಂತಿಯ ಮೇಲೆ ಜಾರದೆ ಉಜ್ಜುತ್ತದೆ, ಮೇಲೆ ತೆಳು ತಂತಿ ಸುತ್ತಿರುವ ದಪ್ಪ ತಂತಿಗಳಲ್ಲಂತೂ ಇನ್ನೂ ಜಾಸ್ತಿ.

ಮೊದಲು ಮರದ ಎಳೆ ನೋಡಿ. ಅದು ಹಿಡಿಯುವ ಕಡೆಯಿಂದ ತುದಿಯತ್ತ ಉದ್ದಕ್ಕೆ ಸಾಗಿರಬೇಕು. ಅಡ್ಡಕ್ಕಿದ್ದರೆ ತುದಿ ಸುಲಭವಾಗಿ ಮುರಿಯುತ್ತದೆ, ಸುಮ್ನೆ ಉಜ್ಜುತ್ತಾ ಕೂರುವ ಬದಲು ಹೊಸದು ಕತ್ತರಿಸಿ. ಎಳೆ ಸರಿಯಿದ್ದರೆ ತುದಿಯ ಎರಡೂ ಬದಿಯನ್ನು 400 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಓರೆಯಾಗಿ ಉಜ್ಜಿ. ಆಮೇಲೆ 800, ಕೊನೆಗೆ 1500. ಬೆರಳಿಗೆ ಗಾಜಿನಂತೆ ನುಣುಪಾಗಿ ಸಿಗಬೇಕು. ಇಷ್ಟಾದರೂ ಸದ್ದು ಉಳಿದರೆ ನುಡಿಸುವ ಕೋನ ಸ್ವಲ್ಪ ಬದಲಿಸಿ ನೋಡಿ. ಯಾವ ಮರ ಅಂತ ನೀವು ಹೇಳಿಲ್ಲ. ಮೆದುವಾದದ್ದಾದರೆ ಈ ಅಂಚು ಬೇಗ ಸವೆಯುತ್ತದೆ, ಆಗಾಗ ಮತ್ತೆ ಉಜ್ಜಬೇಕಾಗುತ್ತದೆ.

ಪಿಕ್ ಬದಲು ನಾಣ್ಯ ಬಳಸುವ ಬಗ್ಗೆಯೂ ಕೇಳಿದ್ದಿರಿ ಅಲ್ವಾ? ಕ್ವೀನ್ ಬ್ಯಾಂಡಿನ ಗಿಟಾರ್ ವಾದಕ ಬ್ರಿಯಾನ್ ಮೇ ಬ್ರಿಟನ್ನಿನ ಹಳೆಯ ಸಿಕ್ಸ್‌ಪೆನ್ಸ್ ನಾಣ್ಯದಲ್ಲೇ ನುಡಿಸುತ್ತಾರೆ, ನಿಜ. ಆದರೆ ಅದರ ಹಲ್ಲುಹಲ್ಲಾದ ಅಂಚಿನ ಕರಕರ ಅವರಿಗೆ ಬೇಕಾದದ್ದೇ. ನಿಮಗೆ ಅದೇ ಬೇಡವಾಗಿರುವಾಗ ನಾಣ್ಯದ ಗೋಜಿಗೆ ಹೋಗಬೇಡಿ.