ಸರಿಯಾಗಿ ಮಾತಾಡುತ್ತಿದ್ದ ಮಗು ಈಗ ತಪ್ಪು ತಪ್ಪಾಗಿ ಹೇಳುತ್ತಿದೆ, ಯಾಕೆ?

ಮೊದಲು "ಬಿದ್ದೆ", "ಕೊಟ್ಟೆ" ಎನ್ನುತ್ತಿದ್ದ ನಿಮ್ಮ ಮೂರು ವರ್ಷದ ಮಗಳು ಈಗ "ಬೀಳಿದೆ", "ಕೊಡಿದೆ" ಎನ್ನುತ್ತಾಳೆ, ಕಲಿತದ್ದು ಮರೆತುಹೋಗ್ತಿದೆಯಾ ಎಂದು ಕೇಳಿದ್ದೀರಿ. ಇಲ್ಲ, ಅವಳು ಮುಂದೆ ಹೋಗಿದ್ದಾಳೆ. ಭಾಷಾವಿಜ್ಞಾನ ಓದಿದ ನನಗೆ ಮಕ್ಕಳ ಮಾತಿನಲ್ಲಿ ತುಂಬ ಇಷ್ಟವಾಗುವ ಘಟ್ಟ ಇದು.

ಹೇಳು, ಹೇಳಿದೆ. ಕೇಳು, ಕೇಳಿದೆ. ಹಾಗಾದರೆ ಬೀಳು? ಬೀಳಿದೆ! ನೋಡು, ನೋಡಿದೆ. ಆಡು, ಆಡಿದೆ. ಕೊಡು? ಕೊಡಿದೆ. ಅವಳ ಲೆಕ್ಕ ಸರಿಯಾಗಿಯೇ ಇದೆ. ಮೊದಲು "ಬಿದ್ದೆ" ಎಂದಾಗ ಕೇಳಿದ್ದನ್ನು ಇಡಿಯಾಗಿ ಒಪ್ಪಿಸುತ್ತಿದ್ದಳು. ಈಗ ಮಾತನ್ನು ಬಿಡಿಸಿ ನೋಡಿ, ಅದರೊಳಗಿನ ನಿಯಮವನ್ನು ತಾನೇ ಹುಡುಕಿಕೊಂಡಿದ್ದಾಳೆ. ಮನೆಯಲ್ಲಿ ಯಾರೂ "ಬೀಳಿದೆ" ಎನ್ನುವುದಿಲ್ಲ, ಅಲ್ವಾ? ಅಂದಮೇಲೆ ಅದು ಕೇಳಿ ಕಲಿತದ್ದಲ್ಲ.

1958ರಲ್ಲಿ ಜೀನ್ ಬರ್ಕೊ ಎಂಬ ಅಮೆರಿಕದ ಸಂಶೋಧಕಿ ಇದನ್ನೇ ಚೆಂದವಾಗಿ ತೋರಿಸಿದರು. ಹಕ್ಕಿಯಂಥ ಒಂದು ಚಿತ್ರ ತೋರಿಸಿ "ಇದು ವಗ್" ಎಂದರು. ಅದು ಅವರೇ ಕಟ್ಟಿದ ಪದ. ಎರಡಿದ್ದರೆ ಏನನ್ನಬೇಕು ಎಂದು ಕೇಳಿದಾಗ ಇಂಗ್ಲಿಷ್ ಮಾತಾಡುವ ಪುಟ್ಟ ಮಕ್ಕಳು "ವಗ್ಸ್" ಎಂದರು. ಹಿಂದೆಂದೂ ಕೇಳದ ಪದಕ್ಕೂ ನಿಯಮ ಹಚ್ಚಿದರು!

ಇಂಗ್ಲಿಷ್ ಮಕ್ಕಳು "ವೆಂಟ್" (went) ಬಿಟ್ಟು "ಗೋಡ್" (goed) ಎನ್ನುವುದೂ ಇದೇ ಬಗೆಯದು. ಮನೋವಿಜ್ಞಾನಿ ಗ್ಯಾರಿ ಮಾರ್ಕಸ್ ಮತ್ತು ಜೊತೆಗಾರರು 1992ರಲ್ಲಿ 83 ಮಕ್ಕಳ ಮಾತು ಪರಿಶೀಲಿಸಿದಾಗ, "ವೆಂಟ್"ನಂತೆ ನಿಯಮ ಮೀರುವ ಕ್ರಿಯಾಪದ ಬಳಸಿದ ಕಡೆ ಇಂಥ ತಪ್ಪು ನಡುಮಟ್ಟದಲ್ಲಿ (ಮೀಡಿಯನ್) ಶೇ. 2.5ರಷ್ಟು ಮಾತ್ರ ಇತ್ತು. ಕಿವಿಗೆ ಬೀಳುವುದು ಅದೇ ಆದ್ದರಿಂದ ಜಾಸ್ತಿ ಅನಿಸುತ್ತದೆ. ಸರಿಯಾದ ರೂಪ ಆ ಕ್ಷಣಕ್ಕೆ ನೆನಪಾಗದಿದ್ದರೆ ಮಗು ನಿಯಮ ಹಚ್ಚಿಬಿಡುತ್ತದೆ ಎಂಬುದು ಅವರ ವಿವರಣೆ. ನನಗೂ ಅದೇ ಸರಿ ಅನಿಸುತ್ತದೆ.

ಉಚ್ಚಾರದ ತಪ್ಪಿನಲ್ಲೂ ಒಂದು ಕ್ರಮ ಇರುತ್ತದೆ. "ಕಾಗೆ"ಯನ್ನು "ತಾಗೆ" ಎನ್ನುವ ಮಗು ಸಾಮಾನ್ಯವಾಗಿ ಬೇರೆ ಪದಗಳಲ್ಲೂ "ಕ"ವನ್ನು "ತ" ಮಾಡುತ್ತದೆ. ಆದರೆ ನೀವು "ತಾಗೆ" ಅಂದುನೋಡಿ, ಎಷ್ಟೋ ಮಕ್ಕಳು ಒಪ್ಪುವುದಿಲ್ಲ. ಕಿವಿಗೆ ವ್ಯತ್ಯಾಸ ಗೊತ್ತು, ನಾಲಿಗೆ ಇನ್ನೂ ಪಳಗಿಲ್ಲ, ಅಷ್ಟೇ.

ಹಾಗಾಗಿ "ಹಾಗಲ್ಲ, ಹೀಗೆ ಹೇಳು" ಎಂದು ತಡೆಯಬೇಡಿ. "ಬೀಳಿದೆ" ಎಂದರೆ "ಅಯ್ಯೋ ಬಿದ್ದೆಯಾ? ಎಲ್ಲಿ ಬಿದ್ದೆ?" ಎಂದು ಮಾತು ಮುಂದುವರಿಸಿ. ಸರಿಯಾದ ರೂಪ ಕೇಳಿ ಕೇಳಿ ತಾನಾಗಿ ಗಟ್ಟಿಯಾಗುತ್ತದೆ. ಮಾತೇ ಕಡಿಮೆಯಾಗುತ್ತಾ ಬಂದರೆ, ಕರೆದರೂ ತಿರುಗದಿದ್ದರೆ ಅದು ಬೇರೆ ವಿಷಯ. ಆಗ ಕಾಯಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯನ್ನೂ ಪರೀಕ್ಷೆ ಮಾಡಿಸಿ.